ವಾಸಣ್ಣನ ಲ್ಯಾಟಿನ್ ರೇಡಿಯೋ

ಮುಹರ್ರಕ್

ಫೋನಿನಲ್ಲಿ ನಾನು "ಊಟ ಆಯ್ತಾ ವಾಸಣ್ಣ?" ಎಂದು ಕೇಳಿದರೆ ಆಚೆಯಿಂದ ಅವನು "ಇಲ್ಲಿ ಎಲ್ಲಿಯ ಮಳೆ ಮಾರಾಯ್ತಿ!" ಎನ್ನತೊಡಗಿ ವರ್ಷದ ಮೇಲಾಗಿತ್ತು. ಲೈನ್ ಸರಿಯಿಲ್ಲ ಎಂದುಕೊಂಡಿದ್ದೆ. ನಮ್ಮ ಯಜಮಾನರು ಪೇಪರ್ ಮಡಚಿಟ್ಟು, "ಲೈನ್ ಸರಿ ಉಂಟು. ನಿನ್ನ ಅಣ್ಣ ಕುಡಿಯಲಿಕ್ಕೆ ಸುರು ಮಾಡಿದ್ದಾನೆ" ಎಂದು ತೀರ್ಪು ಕೊಟ್ಟರು. ವಾಸಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ಮದುವೆಯ ಪ್ರಾಯದಲ್ಲಿ ರಜೆ ಸಿಗಲಿಲ್ಲ, ರಜೆ ಸಿಗುವ ಹೊತ್ತಿಗೆ ಪ್ರಾಯ ಹೋಗಿತ್ತು. ಅವನಿಗೆ ತನ್ನವರು ಅಂತ ಇರುವುದು ತಂಗಿ ನಾನೊಬ್ಬಳೇ. ಹಾಗಾಗಿ ಶಾಲೆಯಿಂದ ನಿವೃತ್ತಿಯಾದದ್ದೇ, "ನನಗೊಮ್ಮೆ ಬಹರೈನ್ ನೋಡಬೇಕು" ಎಂದು ಹಟ ಹಿಡಿದು ಅವನಿಂದಲೇ ವಿಸಿಟ್ ವೀಸಾ ತರಿಸಿಕೊಂಡೆ. ಬಹರೈನಿನ ಆಸೆ ನನಗೆಂತ ಇರಲಿಲ್ಲ. ಇವನಿಗೆ ಏನಾಗಿದೆ ಎಂದು ಕಣ್ಣಾರೆ ನೋಡಬೇಕಿತ್ತು.

ವಿಮಾನ ಇಳಿದದ್ದು ಮುಹರ್ರಕ್ ಎಂಬ ದ್ವೀಪದಲ್ಲಿ. ಸಾಮಾನು ಬರುವ ಬೆಲ್ಟಿನ ಹತ್ತಿರ ನನ್ನ ಮೊದಲ ಮಾನ ಹೋಯಿತು. ವಾಸಣ್ಣನಿಗೆ ಪ್ರಾಣ ಎಂದು ಒಣ ಸಿಗಡಿಯನ್ನು ನಾಲ್ಕು ಪ್ಲಾಸ್ಟಿಕ್ಕಿನೊಳಗೆ ಕಟ್ಟಿ ತಂದಿದ್ದೆ. ಅದು ಒಡೆದು, ಚೀಲ ಬರುವ ಮೊದಲೇ ಅದರ ವಾಸನೆ ಬಂತು. ಬಿಳಿ ನಿಲುವಂಗಿಯ ಒಬ್ಬ ಹಿರಿಯರು ಮೂಗು ಮುಚ್ಚಿಕೊಂಡು ಸುತ್ತ ನೋಡಿದರು. ನಾನೂ ಅವರ ಹಾಗೆಯೇ ಮೂಗು ಮುಚ್ಚಿಕೊಂಡು ಸುತ್ತ ನೋಡಿದೆ. ಚೀಲ ಎರಡು ಸುತ್ತು ಹೊಡೆದು, ಜನ ಕಡಿಮೆಯಾದ ಮೇಲೆ ಎತ್ತಿಕೊಂಡೆ.

ಹೊರಗೆ ವಾಸಣ್ಣ ನಿಂತಿದ್ದ. ತಲೆ ಪೂರ್ತಿ ಬೆಳ್ಳಗೆ. ಪಕ್ಕದಲ್ಲಿ ಕಾರಿನ ಕೀ ಹಿಡಿದ ಬಶೀರ್. ಉಳ್ಳಾಲದ ಬ್ಯಾರಿ, ವಾಸಣ್ಣನ ಗ್ಯಾರೇಜಿನಲ್ಲೇ ಕೆಲಸ, ಇಬ್ಬರೂ ಒಂದೇ ರೂಮು. ನಾನು ಬರುತ್ತೇನೆಂದು ಅವನು ಕೆಲವು ದಿನಕ್ಕೆ ಯಾರದೋ ಮನೆಗೆ ಹಾಸಿಗೆ ಸಾಗಿಸಿದ್ದ. ನಾವು ಮೂವರೂ ಆಡಿದ್ದು ತುಳುವಿನಲ್ಲಿ, ಓದುವವರಿಗಾಗಿ ಊರಿನ ಕನ್ನಡ ಮಾಡಿದ್ದೇನೆ.

"ಎಂತ ಯಶು, ಇಷ್ಟು ಸಪೂರ ಆಗಿದ್ದೀ? ಭಾವ ಅನ್ನ ಹಾಕುದಿಲ್ಲವಾ?" ಎಂದು ವಾಸಣ್ಣ ಇಡೀ ಏರ್‌ಪೋರ್ಟ್ ತಿರುಗುವಂತೆ ಕೇಳಿದ. ನಾನು ಹತ್ತಿರ ಹೋಗಿ ಮೂಸಿ ನೋಡಿದೆ. ಕುಡಿದ ವಾಸನೆ ಇರಲಿಲ್ಲ. ಅವನು ಮಾತ್ರ ನನ್ನ ಚೀಲ ಮೂಸಿ, "ಸಿಗಡಿ!" ಎಂದು ಚಿಕ್ಕ ಮಕ್ಕಳ ಹಾಗೆ ನಕ್ಕ. ನನಗೆ ಅಳು ಬಂತು. ಅಳುವುದು ನನಗೆ ಆಗಿಬರುವುದಿಲ್ಲ, ಅದಕ್ಕೆ ಬಶೀರನನ್ನು ಗದರಿದೆ, "ಎಂತ ನೋಡ್ತೀ, ಚೀಲ ಹಿಡಿ" ಎಂದು.

ಹೂರಾ

ವಾಸಣ್ಣನ ರೂಮು ಇದ್ದದ್ದು ಹೂರಾದಲ್ಲಿ. ಕಿಟಕಿ ತೆರೆದರೆ ಎದುರಿನ ಕಿಟಕಿ, ಕೆಳಗೆ ಕೋಲ್ಡ್ ಸ್ಟೋರ್. ಇದು ಐಸಿನ ಕಾರ್ಖಾನೆ ಅಂತ ತಿಳಿಯಬೇಡಿ, ನಮ್ಮ ಮೂಲೆಯ ದಿನಸಿ ಅಂಗಡಿಗೆ ಅಲ್ಲಿ ಹಾಗೆ ಹೇಳುತ್ತಾರೆ. ಅಲ್ಲಿಯವರಿಗೆ ಒಂದು ಮೊಟ್ಟೆ ಬೇಕಾದರೂ ಕಾರಿನಿಂದ ಇಳಿಯುವ ಅಭ್ಯಾಸ ಇಲ್ಲ. ಅಂಗಡಿಯ ಎದುರು ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಅಂಗಡಿಯವನು ಓಡಿ ಬಂದು ಏನು ಬೇಕೆಂದು ಕೇಳಿ, ಓಡಿ ಹೋಗಿ ತಂದು, ಕಿಟಕಿಯಲ್ಲಿ ಕೊಡುತ್ತಾನೆ. ಬೆಳಗಿನಿಂದ ರಾತ್ರಿಯವರೆಗೆ ಪೆಂ ಪೆಂ ಪೆಂ. ನಮ್ಮ ಮೂಲ್ಕಿ ಪೇಟೆಯಲ್ಲಿ ಹೀಗೆ ಮಾಡಿದರೆ ಅಂಗಡಿಯವರು ತೂಕದ ಕಲ್ಲು ಬೀಸುತ್ತಾರೆ. ಮೊದಲ ಮಧ್ಯಾಹ್ನ ನನಗೆ ತಲೆ ಚಿಟ್ಟು ಹಿಡಿದು, "ಇದರಲ್ಲಿ ಹೇಗೆ ಮಲಗ್ತೀಯ ಮಾರಾಯ?" ಎಂದು ಕೇಳಿದೆ.

ವಾಸಣ್ಣ ಅಡುಗೆ ಕಟ್ಟೆಯ ಹತ್ತಿರ ಬೆನ್ನು ಹಾಕಿ ನಿಂತು ಸಿಗಡಿ ಹುರಿಯುತ್ತಿದ್ದ. ಉತ್ತರ ಹೇಳಲಿಲ್ಲ. ಇವನ ಅಹಂಕಾರವೇ ಎಂದು ಸುಮ್ಮನಾದೆ. ಟಿವಿ ಹಾಕಿದರೆ ಗೋಡೆ ನಡುಗುವಷ್ಟು ಸದ್ದು. ಗಲ್ಫಿನವರು ಎಲ್ಲವನ್ನೂ ದೊಡ್ಡದಾಗಿಯೇ ಇಡುವುದು ಎಂದುಕೊಂಡೆ. ಕಣ್ಣೆದುರು ಇದ್ದದ್ದು ಕಾಣಲಿಲ್ಲ. ಕುಡಿತ ಇಲ್ಲವಲ್ಲ ಎಂಬ ಸಮಾಧಾನದಲ್ಲಿ ನಾನು ಹೊಟ್ಟೆ ತುಂಬ ಉಂಡೆ.

ಮೀನಾ ಸಲ್ಮಾನ್

ಒಬ್ಬಳೇ ರೂಮಿನಲ್ಲಿ ಕುಳಿತು ಹಾರ್ನ್ ಕೇಳುವುದಕ್ಕಿಂತ ಗ್ಯಾರೇಜಿಗೇ ಬರುತ್ತೇನೆಂದು ಹೊರಟೆ. ಹಳೆಯ ಬಂದರಿನ ಮೀನಾ ಸಲ್ಮಾನಿನಲ್ಲಿ ಸಾಲು ಸಾಲು ಗೋದಾಮುಗಳ ನಡುವೆ ಅದೊಂದು ದೊಡ್ಡ ಶೆಡ್. ವಾಸಣ್ಣನದು ಟಿಂಕರಿಂಗ್. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ತಟ್ಟಿ ತಟ್ಟಿ ಮೊದಲಿನ ಹಾಗೆ ಮಾಡುವ ಕೆಲಸ. ಅಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರಿಗೂ ಅವನು ಉಸ್ತಾದ್. ಮಾಲಕರಾದ ಮುದಿ ಅರಬರು ನನಗೆ ಖರ್ಜೂರ, ಕಹಿ ಕಾಫಿ ಕೊಟ್ಟು, ನನ್ನನ್ನು, ನನ್ನ ಮನೆಯವರನ್ನು, ನನ್ನ ಆರೋಗ್ಯವನ್ನು, ಮತ್ತೆ ನನ್ನ ಮನೆಯವರ ಆರೋಗ್ಯವನ್ನು ವಿಚಾರಿಸಿದರು. ಅಷ್ಟರಲ್ಲಿ ಕಾಫಿ ಆರಿತ್ತು. ನೆಂಟರ ಮನೆಯಲ್ಲೂ ನನ್ನನ್ನು ಯಾರೂ ಇಷ್ಟು ವಿಚಾರಿಸಿದ್ದಿಲ್ಲ.

ಒಳಗೆ ಹೋದರೆ ಸುತ್ತಿಗೆಯ ಸದ್ದಿನ ಮೇಲೆ ಹಾಡು! ತೊಲೆಗಳಿಗೆ ಕಟ್ಟಿದ ಸ್ಪೀಕರುಗಳಿಂದ ಯಾವುದೋ ಭಾಷೆಯಲ್ಲಿ ಒಬ್ಬ ಗಂಡಸು ಗೋಳಾಡುತ್ತಿದ್ದ, ಹಿಂದೆ ಡೋಲಿನಂಥದ್ದು ಕುಣಿಯುತ್ತಿತ್ತು.

"ಇದೆಂತದು ಬಶೀರ್, ಅರಬಿಯಾ?"

"ಅಲ್ಲ ಅಕ್ಕ, ಸ್ಪ್ಯಾನಿಷ್. ಲ್ಯಾಟಿನ್ ರೇಡಿಯೋ."

"ನಿಮಗೆ ಸ್ಪ್ಯಾನಿಷ್ ಬರ್ತದಾ?"

"ಯಾರಿಗೂ ಬರುದಿಲ್ಲ. ಅದಕ್ಕೇ ಹಾಕಿದ್ದು."

ಕಥೆ ಹೀಗೆ. ಮೊದಲು ಅಲ್ಲಿ ರೇಡಿಯೋಕ್ಕೆ ದಿನಾ ಯುದ್ಧ. ಬಶೀರನಿಗೆ ಮಲಯಾಳಂ ಹಾಡು ಬೇಕು, ಪೇಶಾವರದ ವೆಲ್ಡರ್ ಅಕ್ರಂ ಭಾಯ್‌ಗೆ ಉರ್ದು ವಾರ್ತೆ ಬೇಕು, ಫಿಲಿಪ್ಪೀನ್ಸಿನ ಪೇಂಟರ್ ರೋಮಿಗೆ ಅವನ ಊರಿನದ್ದು. ವಾಸಣ್ಣನಿಗೆ ಭಜನೆ. ಒಂದು ದಿನ ಯಾರೋ ಸ್ಪ್ಯಾನರ್ ಎಸೆದು ರೇಡಿಯೋ ಒಡೆಯಿತು. ಮಾಲಕರು ಇನ್ನು ಯಾವ ದೇಶದ ಹಾಡೂ ಬೇಡ ಎಂದರು. ಆಗ ರೋಮಿ ಆಫೀಸಿನ ಕಂಪ್ಯೂಟರಿನಲ್ಲಿ ಈ ಇಂಟರ್‌ನೆಟ್ ರೇಡಿಯೋ ಹುಡುಕಿದ. ಅಲ್ಲಿರುವ ಯಾರ ದೇಶದ್ದೂ ಅಲ್ಲ, ಯಾರ ದೇವರದ್ದೂ ಅಲ್ಲ, ಯಾರ ಪಾರ್ಟಿಯದ್ದೂ ಅಲ್ಲ. ಜಗಳ ಅವತ್ತಿಗೆ ನಿಂತಿತು.

ಆ ರೇಡಿಯೋದಲ್ಲಿ ಹಾಡಿನ ಒಂದೊಂದು ಬಗೆಗೂ ಒಂದೊಂದು ಚಾನೆಲ್. ಸಮಯ ಕಳೆದ ಹಾಗೆ ಒಬ್ಬೊಬ್ಬರಿಗೂ ಒಂದೊಂದು ಹಿಡಿಸಿತು, ರೋಮಿ ಸರದಿಯಂತೆ ಹಾಕುತ್ತಿದ್ದ. ಎಲ್ಲವನ್ನೂ ಬೇರೆ ಬೇರೆ ಮಾಡಿ ಗುರುತಿಸಲು ಕಲಿತವನು ನಮ್ಮ ವಾಸಣ್ಣ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ಪಾಠ ಸುರು ಮಾಡಿದ.

"ಕುಂಬಿಯಾ ಕಾಲು ಎಳ್ಕೊಂಡು ನಡೀತದೆ ಯಶು, ದಣಿದವ ಮನೆಗೆ ಹೋಗುವ ಹಾಗೆ. ಮೆರೆಂಗೆ ಓಡ್ತದೆ, ಊಟದ ಹೊತ್ತಿಗೆ ಅದೇ ಆಗಬೇಕು. ಸಾಲ್ಸಾ ಅಂದ್ರೆ ಹುಲಿವೇಷದ ತಾಸೆ, ಡೋಲು ಎಲ್ಲ ಒಟ್ಟಿಗೆ ಬಂದು ನಮ್ಮ ಅಂಗಳದಲ್ಲಿ ಜಗಳ ಮಾಡಿದ ಹಾಗೆ. ಬಚಾತಾದಲ್ಲಿ ಗಿಟಾರು ಅಳ್ತದೆ, ಹಾಡುವವ ಅದಕ್ಕಿಂತ ಹೆಚ್ಚು ಅಳ್ತಾನೆ. ಅಕ್ರಂ ಭಾಯ್‌ಗೆ ಅದು ಬೇಕು, ಹೆಂಡತಿ ನೆನಪಾಗ್ತದಂತೆ. ಬೊಲೆರೋ ನಿಧಾನ, ಹಳೇ ಹಿಂದಿ ಪಿಕ್ಚರಿನದ್ದರ ಹಾಗೆ."

"ನಿನಗೆ ಯಾವುದು?"

ಈ ಮಾತನ್ನು ಅವನು ನನ್ನ ಮುಖ ನೋಡುತ್ತಿದ್ದಾಗ ಕೇಳಿದ್ದೆ, ಉತ್ತರ ಬಂತು. "ವಲ್ಲೆನಾತೋ ಅಂತ ಉಂಟು. ಅದರಲ್ಲಿ ಎದೆಗೆ ಕಟ್ಟಿಕೊಂಡು ಎಳೆದು ಬಾರಿಸುವ ಪೆಟ್ಟಿಗೆ ಬರ್ತದೆ. ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಮ್ಮೇ. ಮೊದಲ ಸಲ ಕೇಳಿದ ದಿನ ನಾನು ಕೆಲಸ ಮಾಡ್ಲಿಲ್ಲ, ಸುಮ್ಮನೆ ಕೂತಿದ್ದೆ."

ಹುಡುಗನಾಗಿದ್ದಾಗ ಅವನು ಭಜನೆಗೆ ತಾಳ ಹಾಕುತ್ತಿದ್ದ. ಶನಿವಾರ ಅವನಿಲ್ಲದೆ ಭಜನೆ ಸುರುವಾಗುತ್ತಿರಲಿಲ್ಲ.

ಅಷ್ಟರಲ್ಲಿ ಅವನು ಕಾರಿನ ಬಾಗಿಲಿನ ಮೇಲೆ ಬೆರಳಲ್ಲಿ ತಟ್ಟುತ್ತ, "ಹಾಂ, ಈಗ ಬಂತು ನೋಡು, ಕುಂಬಿಯಾ!" ಎಂದ. ನಾನು ಕಿವಿಗೊಟ್ಟೆ. ಹೌದು, ಕಾಲು ಎಳೆದುಕೊಂಡೇ ನಡೆಯುತ್ತಿತ್ತು. ಬಶೀರ್, ಅಕ್ರಂ ಭಾಯ್ ಎಲ್ಲ "ವಾಹ್ ಉಸ್ತಾದ್" ಎಂದರು. ನನಗೆ ಹೆಮ್ಮೆಯೋ ಹೆಮ್ಮೆ. ಮೂಲ್ಕಿಯ ನಮ್ಮ ವಾಸಣ್ಣ ಲ್ಯಾಟಿನ್ ಅಮೆರಿಕದ ಸಂಗೀತದಲ್ಲಿ ಪಂಡಿತ! ಸಂಜೆ ಯಜಮಾನರಿಗೆ ಫೋನ್ ಮಾಡಿ, "ಕುಡಿತವಂತೆ ಕುಡಿತ. ಅವನ ಕಿವಿ ನಿಮ್ಮ ತಲೆಗಿಂತ ಚೆನ್ನಾಗಿದೆ" ಎಂದು ಬಯ್ದೆ.

ಸಿತ್ರಾ

ಬಹರೈನ್ ದ್ವೀಪ ಎಂದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಅಲ್ಲಿ ಹೋದರೆ ಕಡಲು ಕಾಣುವುದೇ ಇಲ್ಲ. ಕಡಲನ್ನು ತುಂಬಿಸಿ ತುಂಬಿಸಿ ಕಟ್ಟಡ ಎಬ್ಬಿಸಿದ್ದಾರೆ, ಕಡಲು ನೋಡಬೇಕಾದರೆ ಕಾರು ಮಾಡಿಕೊಂಡು ಹೋಗಬೇಕು. ನಾನು ಗೊಣಗಿದ್ದು ಕೇಳಿ ಶುಕ್ರವಾರ ರಜೆಯಲ್ಲಿ ಬಶೀರ್ ನಮ್ಮಿಬ್ಬರನ್ನು ಸಿತ್ರಾಕ್ಕೆ ಕರೆದುಕೊಂಡು ಹೋದ. ಒಂದು ಕಡೆ ಎಣ್ಣೆಯ ಟಾಂಕಿಗಳು, ಇನ್ನೊಂದು ಕಡೆ ಹಳ್ಳಿ, ನಡುವೆ ಮೀನಿನ ದೋಣಿಗಳು. ನೀರು ನಮ್ಮಲ್ಲಿಯ ಹಾಗೆ ಬಂದು ಹೊಡೆಯುವುದಿಲ್ಲ, ತಟ್ಟೆಯಲ್ಲಿಟ್ಟ ಹಾಗೆ ಸುಮ್ಮನಿರುತ್ತದೆ. ಅದನ್ನು ಕಡಲು ಎನ್ನಲು ನನಗೆ ಮನಸ್ಸು ಬರಲಿಲ್ಲ, ಹಾಗೆಂದು ಅವರಿಗೆ ಹೇಳಲೂ ಇಲ್ಲ.

ಮೀನು ತೆಗೆದುಕೊಂಡು ರಸ್ತೆ ದಾಟುತ್ತಿದ್ದೆವು. ನಾನು, ಬಶೀರ್ ಆಚೆ ತಲುಪಿದ್ದೆವು. ವಾಸಣ್ಣ ರಸ್ತೆಯ ನಡುವೆ ನಿಂತು, ಚೀಲದೊಳಗೆ ಮೀನಿನ ಕಿವಿರು ಬಿಡಿಸಿ ನೋಡುತ್ತಿದ್ದ. ಶಿಫ್ಟಿನ ಜನರನ್ನು ತುಂಬಿಕೊಂಡ ಕಂಪೆನಿ ಬಸ್ಸೊಂದು ತಿರುವಿನಿಂದ ಬಂತು. ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಆಮೇಲೆ ಹಾರ್ನ್ ನಿಲ್ಲಲೇ ಇಲ್ಲ. ನಾನು "ವಾಸಣ್ಣಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ಕಿವಿರನ್ನು ಬೆರಳಲ್ಲಿ ಒತ್ತಿ, ತಾಜಾ ಉಂಟು ಎಂಬಂತೆ ತಲೆಯಾಡಿಸಿದ. ಬಸ್ಸಿನ ಚಕ್ರ ಕಿರುಚಿ, ಅವನ ಬೆನ್ನಿನ ಹತ್ತಿರ ಬಂದು ನಿಂತಿತು.

ಓಡಿ ಹೋಗಿ ಅಂಗಿ ಹಿಡಿದು ಎಳೆದೆ. ಆಗಲೇ ಅವನು ತಿರುಗಿದ್ದು. ಡ್ರೈವರ್ ಬಯ್ಯಲು ಇಳಿದವನು ಬಿಳಿ ತಲೆ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, ದೇವರ ಹೆಸರು ಹೇಳಿ ಮತ್ತೆ ಹತ್ತಿದ. ವಾಸಣ್ಣ ಬಸ್ಸನ್ನು ಮೇಲಿಂದ ಕೆಳಗೆ ನೋಡಿ ಸಿಟ್ಟಾದ.

"ಹಾರ್ನ್ ಹಾಕಬೇಕಲ್ಲವಾ ಈ ಬೇವರ್ಸಿ!"

ನಾನು ಬಶೀರನ ಮುಖ ನೋಡಿದೆ. ಅವನು ಆ ಅಲ್ಲಾಡದ ನೀರನ್ನು ನೋಡುತ್ತಿದ್ದ. ಫೋನಿನಲ್ಲಿ ಬರುತ್ತಿದ್ದ ಮಳೆಯ ಮಾತು, ಟಿವಿಯ ಸದ್ದು, ಬೆನ್ನು ಹಾಕಿದಾಗಿನ ಮೌನ, ಎಲ್ಲ ಆ ರಸ್ತೆಯಲ್ಲಿ ನನಗೆ ಒಮ್ಮೆಗೇ ತಿಳಿಯಿತು. ಅಯ್ಯೋ ದೇವರೇ, ನನ್ನ ಅಣ್ಣನಿಗೆ ಕಿವಿ ಕೇಳುವುದಿಲ್ಲ.

ಮತ್ತೆ ಮೀನಾ ಸಲ್ಮಾನ್

ಹಾಗಾದರೆ ಹಾಡು? ಅದೊಂದು ನನಗೆ ಬಗೆಹರಿಯಲಿಲ್ಲ. ಶನಿವಾರ ಗ್ಯಾರೇಜಿಗೆ ಹೋದವಳು ಖರ್ಜೂರ ಬೇಡ, ಕಾಫಿ ಬೇಡ ಎಂದು ನೇರ ಸ್ಟೂಲಿನ ಮೇಲೆ ಕುಳಿತೆ. ಈ ಸಲ ಬರೀ ಹಾಡನ್ನಲ್ಲ, ಮನುಷ್ಯರನ್ನೂ ನೋಡಿದೆ.

ವಾಸಣ್ಣನ ಜಾಗ ಗೋಡೆಯ ಕಡೆಗೆ. ಕಂಪ್ಯೂಟರ್ ಇರುವ ಗಾಜಿನ ಕ್ಯಾಬಿನ್ ಅವನ ಬೆನ್ನ ಹಿಂದೆ. ಸ್ಪೀಕರಿನಲ್ಲಿ ತಾಸೆ ಡೋಲಿನ ಜಗಳ ನಡೆದಿತ್ತು. ಅವನೇ ಕಲಿಸಿದ ಪಾಠದಂತೆ ಅದು ಸಾಲ್ಸಾ. ವಾಸಣ್ಣ ತಾಳ ಹಾಕುತ್ತಿದ್ದ ಬಶೀರನ ಕಾಲನ್ನೊಮ್ಮೆ, ಅಕ್ರಂ ಭಾಯ್‌ನ ಭುಜವನ್ನೊಮ್ಮೆ ನೋಡಿ, "ಆಹಾ, ಬಚಾತಾ!" ಎಂದ.

ಕ್ಯಾಬಿನ್ನಿನ ಬಾಗಿಲಲ್ಲಿದ್ದ ರೋಮಿ ಒಂದು ಹೆಜ್ಜೆ ಒಳಗಿಟ್ಟು ಮೌಸ್ ಒತ್ತಿದ. ಸಾಲ್ಸಾ ಅರ್ಧ ಮಾತಿನಲ್ಲೇ ಕತ್ತರಿಸಿ ಹೋಯಿತು. ಗಿಟಾರ್ ಅಳಲು ಸುರು ಮಾಡಿತು.

"ವಾಹ್ ಉಸ್ತಾದ್!" ಎಂದ ಅಕ್ರಂ ಭಾಯ್. ವಾಸಣ್ಣ ಸಂತೋಷದಿಂದ ತಗಡಿಗೆ ಎರಡು ಪೆಟ್ಟು ಹೆಚ್ಚು ಹಾಕಿದ.

ಬಶೀರನನ್ನು ಚಹಾದ ನೆಪದಲ್ಲಿ ಹೊರಗೆ ಕರೆದೆ.

"ಎಷ್ಟು ಸಮಯದಿಂದ ನಡೀತಾ ಉಂಟು ಈ ನಾಟಕ?"

"ನಾಟಕ ಅಲ್ಲ ಅಕ್ಕ" ಎಂದ ಅವನು. ಅವನ ಕಣ್ಣು ಕೆಂಪಾಗಿತ್ತು. "ಉಸ್ತಾದ್ ಒಂದು ದಿನ ತಪ್ಪು ಹೇಳಿದ್ರು. ಅಕ್ರಂ ಭಾಯ್ ನಗಲಿಕ್ಕೆ ಬಾಯಿ ತೆರೆದಿದ್ದ. ಅಷ್ಟರಲ್ಲಿ ರೋಮಿ ಹೋಗಿ ಅವರು ಹೇಳಿದ್ದನ್ನೇ ಹಾಕಿಬಿಟ್ಟ. ಅವರ ಮುಖ ನೋಡ್ಬೇಕಿತ್ತು ನೀವು. ಮತ್ತೆ ಅದೇ ಆಯ್ತು. ಯಾರೂ ಮಾತಾಡ್ಕೊಳ್ಳಲಿಲ್ಲ. ಸುತ್ತಿಗೆಯ ಸದ್ದು ಅಕ್ಕ, ವರ್ಷಗಟ್ಟಲೆ ಕಿವಿಗೆ ಬಿದ್ರೆ ಯಾರ ಕಿವಿ ಉಳೀತದೆ?"

"ಕೆಲಸಕ್ಕೆ ತೊಂದರೆ ಇಲ್ಲವಾ?"

"ಕೈಯಲ್ಲಿ ಸವರಿ ಮಾಡ್ತಾರೆ. ಕೆಲಸದ್ದು ತೊಂದರೆ ಇಲ್ಲ." ಅವನು ಶೆಡ್ಡಿನ ಕಡೆ ಒಮ್ಮೆ ನೋಡಿದ. "ಮೊನ್ನೆ ಒಂದು ಪಿಕಪ್ ರಿವರ್ಸ್ ಬಂತು. ಅಕ್ರಂ ಭಾಯ್ ಕಾಲರ್ ಹಿಡಿದು ಎಳೆದದ್ದಕ್ಕೆ ಉಳಿದ್ರು. ಇಲ್ಲದಿದ್ರೆ ಗೋಡೆಗೆ ಸೇರಿಸಿ ಒತ್ತಿಬಿಡ್ತಿತ್ತು. ಉಸ್ತಾದ್ ಅಕ್ರಂಗೇ ಬಯ್ದರು, ತಮಾಷೆ ಮಾಡ್ತೀಯಾ ಅಂತ. ಈಗ ಗಾಡಿ ಬರುವಾಗ ನಮ್ಮಲ್ಲಿ ಒಬ್ಬ ಯಾವಾಗ್ಲೂ ಅವರ ಹತ್ರ ನಿಲ್ತೇವೆ. ಯಾವಾಗ್ಲೂ ಆಗ್ತದಾ ಅಕ್ಕ?"

ಚಹಾ ಇಬ್ಬರ ಕೈಯಲ್ಲೂ ಹಾಗೇ ಆರಿತು. ಪರದೇಶದಲ್ಲಿ ನನ್ನ ಅಣ್ಣನನ್ನು ಮೂರು ಜನ ಮಗುವಿನ ಹಾಗೆ ಕಾಯುತ್ತಿದ್ದಾರೆ ಎಂದು ಕೈ ಮುಗಿಯಬೇಕೋ, ಇಷ್ಟು ದಿನ ನನಗೊಂದು ಮಾತು ಹೇಳಲಿಲ್ಲ ಎಂದು ಬಯ್ಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡದೆ ಒಳಗೆ ಬಂದೆ.

ಮತ್ತೆ ಹೂರಾ

ಸಂಜೆ ಊಟದ ಹೊತ್ತಿಗೆ ವಾಸಣ್ಣನ ಎದುರು ಕುಳಿತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. "ಊರಿಗೆ ಹೋಗುವ ವಾಸಣ್ಣ. ಸಾಕು."

"ಯಾಕೆ? ಭಾವನಿಗೆ ಹುಷಾರಿಲ್ಲವಾ?"

"ಭಾವ ಗಟ್ಟಿ ಇದ್ದಾರೆ. ನಿನ್ನ ಕಿವಿ..."

ಅಷ್ಟು ಸಾಕಾಯಿತು. ಅವನು ಬಟ್ಟಲನ್ನು ದೂಡಿ ಎದ್ದ. "ನನ್ನ ಕಿವಿಗೆ ಎಂತದೂ ಆಗ್ಲಿಲ್ಲ! ಯಾರು ಹೇಳಿದ್ದು ನಿನಗೆ? ಬಶೀರನಾ?"

"ಯಾರು ಹೇಳಬೇಕು? ಬಸ್ಸು ನಿನ್ನ ಬೆನ್ನಿಗೆ ಬಂದು ನಿಂತದ್ದು ನನ್ನ ಕಣ್ಣಿಗೆ ಕಾಣಲಿಲ್ಲವಾ?"

"ಅವ ಹಾರ್ನ್ ಹಾಕಲಿಲ್ಲ!"

"ಹಾಕಿದ ವಾಸಣ್ಣ."

ಕೆಳಗೆ ಕೋಲ್ಡ್ ಸ್ಟೋರಿನ ಎದುರು ಕಾರುಗಳು ಪೆಂ ಪೆಂ ಎನ್ನುತ್ತಲೇ ಇದ್ದವು. ಅವನು ಕಿಟಕಿಯ ಹತ್ತಿರ ಹೋಗಿ ನಿಂತ. ತಿರುಗಿದಾಗ ಮುಖದಲ್ಲಿ ಗೆದ್ದವನ ನಗೆ ಇತ್ತು.

"ಕಿವಿ ಕೇಳದವ ಬೊಲೆರೋ ಯಾವುದು, ಬಚಾತಾ ಯಾವುದು ಅಂತ ಹೇಳ್ತಾನಾ? ದಿನಾ ಹೇಳ್ತೇನೆ ನಾನು. ಒಂದು ದಿನ ತಪ್ಪಿದ್ದಿಲ್ಲ. ಬೇಕಾದ್ರೆ ಕೇಳು ಅವರ ಹತ್ರ. ಯಶು, ಅದೇನೋ ಸ್ವಲ್ಪ ದೂರ ಆಗಿದೆ, ಹೌದು. ಒಮ್ಮೊಮ್ಮೆ ಗೋಡೆಯ ಆಚೆಯಿಂದ ಬಂದ ಹಾಗಿರ್ತದೆ. ಹೆಸರು ಹೇಳಿದ್ದೇ ಸ್ಪಷ್ಟ ಬಂದುಬಿಡ್ತದೆ. ಎಲ್ಲರೂ ಹೌದು ಅಂತಾರಲ್ಲ?"

ಅವನಿಗೆ ನಿಜವಾಗಿಯೂ ಕೇಳಿಸುತ್ತಿತ್ತು. ಅವರ "ವಾಹ್ ಉಸ್ತಾದ್" ನೋಡಿ ಆ ಬಗೆಯ ಹಾಡು ಅವನ ತಲೆಯೊಳಗೆ ತಾನಾಗಿ ಸುರುವಾಗುತ್ತಿತ್ತೋ ಏನೋ. ಅವರ ಪ್ರೀತಿಯೇ ಅವನನ್ನು ಆ ಪಿಕಪ್ಪುಗಳ ಹಿಂದೆ ನಿಲ್ಲಿಸಿತ್ತು.

"ಊರಿಗೆ ಬಂದು ಎಂತ ಮಾಡ್ಲಿ?" ಎಂದ ಅವನು ದನಿ ಇಳಿಸಿ. "ಅಲ್ಲಿ ನಾನು ಯಾರು? ಇಲ್ಲಿ ಉಸ್ತಾದ್." ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ ಪಂಥ ಹಾಕಿದ. "ನಾಳೆ ನಿನ್ನೆದುರೇ ಹೇಳ್ತೇನೆ. ಒಂದೇ ಒಂದು ತಪ್ಪಿದ್ರೂ ನಿನ್ನೊಟ್ಟಿಗೆ ಬರ್ತೇನೆ, ಎದುರು ಮಾತಿಲ್ಲ. ತಪ್ಪದಿದ್ರೆ ಸಾಯುವವರೆಗೆ ಈ ವಿಷಯ ನೀನು ಎತ್ತಬಾರದು. ಆಯ್ತಾ?"

"ಆಯ್ತು" ಎಂದೆ.

ಅವನು ಖುಷಿಯಲ್ಲಿ ಮತ್ತೆ ಬಟ್ಟಲು ಎಳೆದುಕೊಂಡು ಉಂಡ. ನಾನು ಮೆಟ್ಟಿಲಿಗೆ ಹೋಗಿ ಬಶೀರನಿಗೆ ಫೋನ್ ಮಾಡಿದೆ.

"ನಾಳೆ ಅವನು ತಪ್ಪು ಹೇಳಿದ್ರೆ ತಪ್ಪಾಗಿಯೇ ಇರ್ಲಿ ಬಶೀರ್. ಚಾನೆಲ್ ಮುಟ್ಟಬೇಡಿ. ಎಲ್ಲರಿಗೂ ಹೇಳು."

"ನಮ್ಮಿಂದ ಆಗುದಿಲ್ಲ ಅಕ್ಕ."

"ನೀವು ಸರಿ ಮಾಡಿದ್ರೆ ಅವನು ಇಲ್ಲೇ ಉಳೀತಾನೆ. ನೀವು ಪಕ್ಕದಲ್ಲಿ ಇಲ್ಲದ ದಿನ ಯಾವುದಾದರೂ ಗಾಡಿಯ ಅಡಿಗೆ ಹೋಗ್ತಾನೆ. ಆಮೇಲೆ ಪೆಟ್ಟಿಗೆಯಲ್ಲಿ ಹಾಕಿ ಕಳಿಸ್ತೀರಾ ನನಗೆ?"

ಹೇಳಬಾರದ ಮಾತು. ಆದರೂ ಹೇಳಿದೆ. ಬಶೀರ್ ಫೋನ್ ಇಟ್ಟ. ಅವರು ನನ್ನ ಮಾತು ಕೇಳುತ್ತಾರೋ ಇಲ್ಲವೋ ಎಂದು ಗೊತ್ತಿಲ್ಲದೆ ಮಲಗಿದೆ.

ಗಾಜಿನ ಕ್ಯಾಬಿನ್ನಿನ ಎದುರು

ಮರುದಿನ ವಾಸಣ್ಣ ಒಗೆದ ಅಂಗಿ ಹಾಕಿಕೊಂಡಿದ್ದ. ತಗಡಿನ ಕೆಲಸಕ್ಕೆ ಯಾರು ಒಗೆದ ಅಂಗಿ ಹಾಕುತ್ತಾರೆ? ದಾರಿಯುದ್ದಕ್ಕೂ ಅವನದೇ ಮಾತು. ಈ ಪಂಥದಲ್ಲಿ ಸೋತರೆ ನಾನು ಒಂದು ತಿಂಗಳು ಸಿಗಡಿ ಚಟ್ನಿ ಅರೆದು ಕಳಿಸಬೇಕಂತೆ. ಆಯ್ತು ಎಂದು ನಕ್ಕೆ. ಹೇಗೆ ನಕ್ಕೆನೋ ದೇವರಿಗೇ ಗೊತ್ತು.

ಗ್ಯಾರೇಜಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಅಕ್ರಂ ಭಾಯ್ ಆರಡಿ ಎತ್ತರದ ಮನುಷ್ಯ. ಹತ್ತಿರ ಬಂದು ಮೆಲ್ಲನೆ, "ಬೆಹನ್‌ಜೀ, ಯೇ ಹಮ್ ಸೇ ನಹೀಂ ಹೋಗಾ", ಇದು ನಮ್ಮಿಂದ ಆಗದು ಎಂದು ಹೇಳಿ, ಹೋಗಿ ಕ್ಯಾಬಿನ್ನಿನೊಳಗೆ ನಿಂತ. ರೋಮಿ ಕಂಪ್ಯೂಟರಿನ ಹತ್ತಿರ. ಬಶೀರ್ ಬಾಗಿಲಲ್ಲಿ. ವಾಸಣ್ಣ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಯಾಬಿನ್ನಿಗೆ ಬೆನ್ನು ಹಾಕಿ, ಮದುಮಗನ ಹಾಗೆ ನಿಂತ.

ಮೊದಲನೆಯದಕ್ಕೆ ಅವನು ಗಡಿಯಾರ ನೋಡಿದ. ಊಟದ ಹೊತ್ತು ಹತ್ತಿರವಾಗಿತ್ತು. "ಮೆರೆಂಗೆ" ಎಂದ. ಮೆರೆಂಗೆಯೇ ಇತ್ತು, ಓಡುತ್ತಿತ್ತು. ಅದನ್ನು ಯಾರೂ ಸರಿ ಮಾಡಬೇಕಾಗಿರಲಿಲ್ಲ.

"ನೋಡಿದ್ಯಾ?" ಎಂದು ನನ್ನನ್ನು ನೋಡಿ ಹುಬ್ಬು ಹಾರಿಸಿದ.

ರೋಮಿ ಚಾನೆಲ್ ಬದಲಿಸಿದ, ಎರಡನೆಯದು ಬಂತು. ನಿಧಾನದ್ದು. ಒಬ್ಬಳು ಹೆಂಗಸು, ಯಾರಿಗೋ ಕಾದು ಕಾದು ಸಾಕಾದ ದನಿ, ಹಿಂದೆ ಮೆಲ್ಲಗೆ ತಂತಿ. ನನಗೇ ಗುರುತು ಸಿಕ್ಕಿತು. ಬೊಲೆರೋ. ವಾಸಣ್ಣ ಬಶೀರನ ಕಾಲು ನೋಡಿದ. ಆ ಕಾಲು ನೆಲಕ್ಕೆ ಅಂಟಿತ್ತು. ಅಕ್ರಂ ಭಾಯ್‌ಗಾಗಿ ಹುಡುಕಿದ, ಅವನು ಹಿಂದೆ ಇದ್ದ. ನನ್ನ ಮುಖ ನೋಡಿದ. ತರಗತಿಯಲ್ಲಿ ಉತ್ತರಕ್ಕಾಗಿ ನನ್ನ ಮುಖ ನೋಡುವ ಮಕ್ಕಳೆದುರು ಕಲ್ಲಿನ ಹಾಗೆ ನಿಂತು ನನಗೆ ಅಭ್ಯಾಸವಿತ್ತು. ಹಾಗೆಯೇ ಕುಳಿತೆ.

ಅವನು ತನಗೆ ಬಹಳ ಇಷ್ಟವಾದದ್ದನ್ನು ಆರಿಸಿದ.

"ವಲ್ಲೆನಾತೋ" ಎಂದ. "ಪೆಟ್ಟಿಗೆ ಕೇಳ್ತದಲ್ಲ? ಹಾರ್ಮೋನಿಯಂ."

ರೋಮಿಯ ಕೈ ಮೌಸಿನ ಕಡೆಗೆ ಹೋಯಿತು. ಗಾಜಿನೊಳಗೆ ಅಕ್ರಂ ಭಾಯ್ ಆ ಕೈಯ ಮೇಲೆ ತನ್ನ ಕೈಯಿಟ್ಟ. ರೋಮಿ ಬಿಡಿಸಿಕೊಳ್ಳಲು ನೋಡಿದ, ಅಕ್ರಂ ಬಿಡಲಿಲ್ಲ. ಅವನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. ಹೆಂಗಸು ಹಾಡುತ್ತಲೇ ಇದ್ದಳು.

ವಾಸಣ್ಣ "ವಾಹ್ ಉಸ್ತಾದ್" ಬರುವುದನ್ನು ಕಾದ. ನಗುತ್ತಲೇ ಕಾದ. ಯಾರ ತುಟಿಯೂ ಅಲುಗಲಿಲ್ಲ.

"ಸರಿಯಲ್ಲವಾ?" ಎಂದು ನನ್ನನ್ನು ಕೇಳಿದ. ನಾನು ತಲೆ ಅಲ್ಲಾಡಿಸಿದೆ, ಅಲ್ಲ ಎಂದು.

ಆಗ ಅವನು ತಿರುಗಿದ. ಗಾಜಿನೊಳಗೆ ಮೌಸಿನ ಮೇಲಿದ್ದ ಎರಡು ಕೈಗಳನ್ನು ನೋಡಿದ. ರೋಮಿಯ ಮುಖ ನೋಡಿದ, ಅಕ್ರಂನ ಮುಖ ನೋಡಿದ. ಮತ್ತೆ ಆ ಕೈಗಳನ್ನು. ಅವನು ದಡ್ಡ ಅಲ್ಲ, ಎಲ್ಲ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಬೆಂಚಿನ ಮೇಲೆ ಸದ್ದಾಗದಂತೆ ಇಟ್ಟ. ಸದ್ದಾದರೆ ಅವನಿಗೇನು ಗೊತ್ತಾಗುತ್ತಿತ್ತು, ಆದರೂ ಹಾಗೆ ಇಟ್ಟ.

"ಎಷ್ಟು ಸಮಯ ಆಯ್ತು ಬಶೀರ್?"

ಬಶೀರ್ ಕೈಯನ್ನು ಹಿಂದಕ್ಕೆ ಬೀಸಿ, ತುಂಬಾ ಎಂದು ತೋರಿಸಿದ.

ವಾಸಣ್ಣ ಬಯ್ಯುತ್ತಾನೆ, ಕೂಗಾಡುತ್ತಾನೆ ಎಂದು ನಾನು ಗಟ್ಟಿಯಾಗಿ ಕುಳಿತಿದ್ದೆ. ಅವನು ಕ್ಯಾಬಿನ್ನಿಗೆ ಹೋಗಿ ರೋಮಿಯ ತಲೆಯ ಮೇಲೆ ಕೈಯಿಟ್ಟ. ತಾಯಿ ಸತ್ತ ದಿನ ನನ್ನ ತಲೆಯ ಮೇಲೆ ಹಾಗೆಯೇ ಇಟ್ಟಿದ್ದ. ಆಮೇಲೆ ಸ್ಪೀಕರಿನ ಕಡೆ ಬೆರಳು ತೋರಿಸಿ ನನ್ನನ್ನು ಕೇಳಿದ.

"ಈಗ ಇರುವುದು ಯಾವುದು ಯಶು?"

"ಬೊಲೆರೋ."

"ಗಂಡಸಾ, ಹೆಂಗಸಾ?"

"ಹೆಂಗಸು."

"ಒಳ್ಳೆದುಂಟಾ?"

"ಒಳ್ಳೆದುಂಟು ವಾಸಣ್ಣ. ತುಂಬಾ ಒಳ್ಳೆದುಂಟು."

"ಹಾಗಾದ್ರೆ ಕೇಳುವ. ಎಲ್ಲರೂ ನಿಲ್ಲಿ, ಪೂರ್ತಿ ಕೇಳುವ. ಮುಗಿದ ಮೇಲೆ ಹೋಗುವ ಊರಿಗೆ" ಎಂದ. "ಮುಗಿದಾಗ ನೀನು ಹೇಳು ನನಗೆ."

ಕೈ ಕಟ್ಟಿ, ತಲೆ ಸ್ವಲ್ಪ ಬಾಗಿಸಿ ನಿಂತ. ಎಲ್ಲರೂ ನಿಂತೆವು. ಹಾಡು ಮುಗಿಯಿತು. ಇನ್ನೊಂದು ಸುರುವಾಯಿತು, ಅದೂ ಮುಗಿಯಿತು. ಅವನು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ. ನನಗೆ ಹೇಳಲಾಗಲಿಲ್ಲ.